ಕೂಸು ಯಾರನ್ನು ಹಚ್ಚಿಕೊಳ್ಳುತ್ತದೆ?

ಜಯನಗರ, ಜೆ.ಪಿ. ನಗರ, ಬನಶಂಕರಿಯ ಮನೆಗಳಲ್ಲಿ ಕೂಸಿನ ಮೊದಲ ವರ್ಷ ಈಗ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಸಾಗುತ್ತದೆ. ಬಾಣಂತನ ತವರಿನಲ್ಲಿ ನಡೆಯುತ್ತದೆ. ಇಲ್ಲದಿದ್ದರೆ ತವರಿನ ಅಮ್ಮನೇ ಮಂಡ್ಯದಿಂದಲೋ ಶಿವಮೊಗ್ಗದಿಂದಲೋ ಬಂದು ಫ್ಲ್ಯಾಟಿನಲ್ಲೇ ಹಂಡೆಗೆ ಬದಲು ಗೀಸರಿನ ನೀರಿನಲ್ಲಿ ಎರೆಯುತ್ತಾರೆ. 26 ವಾರದ ಹೆರಿಗೆ ರಜೆ ಮುಗಿಯುವಾಗ ಮಗುವಿಗೆ ಆರು ತಿಂಗಳು. ಆಮೇಲೆ ಇಬ್ಬರು ಅಜ್ಜಿಯರ ಸರದಿ, ಅದು ಮುಗಿದರೆ ಆಯಾ, ಆಕೆಯೂ ಬಿಟ್ಟುಹೋದರೆ ಡೇಕೇರ್. ಗಂಡ ಹೆಂಡತಿ ಇಬ್ಬರೂ ಗಾರ್ಮೆಂಟ್ಸ್‌ಗೆ ಹೋಗುವ ಮನೆಯಲ್ಲಿ ಕೂಸು ವಠಾರದ ನೆರೆಯವರ ಮಡಿಲಿಗೆ ಹೋಗುತ್ತದೆ. ಹೀಗೆ ಕೈಯಿಂದ ಕೈಗೆ ದಾಟುವ ಆರನೇ ತಿಂಗಳಿಂದ ಎರಡನೇ ವರ್ಷದವರೆಗಿನ ಕಾಲದಲ್ಲೇ ಮಗು ತನ್ನವರು ಯಾರೆಂದು ಗುರುತಿಸಿಕೊಳ್ಳುತ್ತದೆ. ಏಳೆಂಟು ತಿಂಗಳಿಗೆ ಹೊಸ ಮುಖ ಕಂಡರೆ ಅಳು ಶುರುವಾಗುವುದು ಇದೇ ಕಾರಣಕ್ಕೆ.

ಈ ಹಚ್ಚಿಕೊಳ್ಳುವಿಕೆ ಏನು, ಹೇಗೆ ಬೆಳೆಯುತ್ತದೆ, ಕಡಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳ ಬೆನ್ನು ಹತ್ತಿದ ಶಾಸ್ತ್ರಕ್ಕೆ ಸುಮಾರು 80 ವರ್ಷ ವಯಸ್ಸು. ಅದು ಹುಟ್ಟಿದ್ದು ಹೊರನಾಡಿನಲ್ಲಿ. ಆದರೆ ಅದು ಸುತ್ತಿ ಬಳಸಿ ಇವತ್ತು ಬಂದು ನಿಂತಿರುವ ಜಾಗ ನಮ್ಮ ಮನೆಗಳಿಗೆ ತೀರ ಹತ್ತಿರ.

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಪಶ್ಚಿಮದ ಪಂಡಿತರು ನಂಬಿದ್ದು ಒಂದೇ ಮಾತು: ಮಗು ತಾಯಿಯನ್ನು ಹಚ್ಚಿಕೊಳ್ಳುವುದು ಹಾಲಿಗಾಗಿ. ಅಮೆರಿಕದ ಜಾನ್ ವಾಟ್ಸನ್ 1928ರ ತಮ್ಮ ಪುಸ್ತಕದಲ್ಲಿ ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ ಎಂದೇ ಬರೆದರು. ಈ ನಂಬಿಕೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು 1945ರಲ್ಲಿ. ರೆನೆ ಸ್ಪಿಟ್ಸ್ ಎರಡು ಸಂಸ್ಥೆಗಳ ಶಿಶುಗಳನ್ನು ಹೋಲಿಸಿದರು. ಒಂದು ಅನಾಥ ಶಿಶುಗಳ ಆಶ್ರಯ. ಅಲ್ಲಿ ಚೊಕ್ಕಟ, ಊಟ, ವೈದ್ಯ ಎಲ್ಲ ಇದ್ದರೂ ಎತ್ತಿಕೊಳ್ಳುವ ಕೈಗಳು ಬಲು ಕಡಿಮೆ. ಇನ್ನೊಂದು ಹೆಣ್ಣುಮಕ್ಕಳ ಜೈಲು. ಅಲ್ಲಿ ಕೈದಿ ತಾಯಂದಿರೇ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಜೈಲಿನ ಮಕ್ಕಳು ಬೆಳೆದವು. ಆಶ್ರಯದ ಮಕ್ಕಳು ಸೊರಗಿದವು, ಅನೇಕವು ಸತ್ತವು.

ಜಾನ್ ಬೌಲ್ಬಿ (1907–1990) ಶಾಸ್ತ್ರಕ್ಕೆ ಚೌಕಟ್ಟು ಕಟ್ಟಿದ ಬ್ರಿಟಿಷ್ ಮನೋವೈದ್ಯ. ಶ್ರೀಮಂತ ಮನೆಯ ಮಗುವಾದ ಅವರನ್ನು ಸಾಕಿದ್ದು ಆಯಾ. ಅವರಿಗೆ ಸುಮಾರು 4 ವರ್ಷವಾಗಿದ್ದಾಗ ಆಕೆ ಕೆಲಸ ಬಿಟ್ಟುಹೋದಳು. ಆ ಅಗಲಿಕೆ ತಾಯಿಯನ್ನು ಕಳೆದುಕೊಂಡಂತಿತ್ತು ಎಂದು ಅವರು ಮುಂದೆ ಹೇಳಿಕೊಂಡರು. ಯುದ್ಧದಲ್ಲಿ ಮನೆ ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿಯಲ್ಲಿ ಅವರು ಹೇಳಿದ್ದಿಷ್ಟು: ತಾಯಿಯೊಡನೆ, ಅಥವಾ ಆಕೆಯ ಜಾಗದಲ್ಲಿ ಶಾಶ್ವತವಾಗಿ ನಿಲ್ಲುವವರೊಡನೆ, ಬೆಚ್ಚನೆಯ ಮುರಿಯದ ನಂಟು ಶಿಶುವಿನ ಮನಸ್ಸಿಗೆ ಅತ್ಯಗತ್ಯ. ಲೋಕ ಈ ವಾಕ್ಯದ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡಿತು. ದುಡಿಯಲು ಹೋಗುವ ತಾಯಂದಿರ ಮೇಲೆ ಹೊರಿಸಿದ ತಪ್ಪಿತಸ್ಥ ಭಾವಕ್ಕೆ ಈ ಅರ್ಧ ಓದು ಒಂದು ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಬೌಲ್ಬಿ ಮುಂದೆ 1969ರಿಂದ 1980ರವರೆಗೆ ಮೂರು ಸಂಪುಟಗಳಲ್ಲಿ ತಮ್ಮ ಸಿದ್ಧಾಂತವನ್ನು ವಿಸ್ತರಿಸಿದರು. ಅಳುವುದು, ನಗುವುದು, ಅಂಟಿಕೊಳ್ಳುವುದು, ಹಿಂಬಾಲಿಸುವುದು ಇವೆಲ್ಲ ದೊಡ್ಡವರನ್ನು ಹತ್ತಿರ ಇಟ್ಟುಕೊಂಡು ಬದುಕುಳಿಯಲು ವಿಕಾಸವು ಶಿಶುವಿಗೆ ಕೊಟ್ಟ ಸಲಕರಣೆಗಳು ಎಂಬುದು ಅದರ ತಿರುಳು.

ಇದಕ್ಕೆ ಪುರಾವೆ ಒದಗಿಸಿದ್ದರಲ್ಲಿ ಭಾರತದ ಕೋತಿಗಳ ಪಾತ್ರವೂ ಇದೆ. ವಿಸ್ಕಾನ್ಸಿನ್‌ನ ಹ್ಯಾರಿ ಹಾರ್ಲೊ ತಮ್ಮ ಪ್ರಯೋಗಾಲಯಕ್ಕೆ ಇಲ್ಲಿಂದ ರೀಸಸ್ ಕೋತಿಗಳನ್ನು ತರಿಸುತ್ತಿದ್ದರು. ದಾರಿಯಲ್ಲಿ ರೋಗ ಹತ್ತುತ್ತಿದ್ದುದರಿಂದ ಅಲ್ಲೇ ಮರಿ ಮಾಡಿಸಿ, ತಾಯಿಯಿಂದ ಬೇರ್ಪಡಿಸಿ ಸಾಕತೊಡಗಿದರು. ಆ ಮರಿಗಳು ಪಂಜರದಲ್ಲಿ ಹಾಸಿದ ಬಟ್ಟೆಯನ್ನು ಬಿಡದೆ ಅಪ್ಪಿಕೊಳ್ಳುವುದು ಕಣ್ಣಿಗೆ ಬಿತ್ತು. 1958ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹಾಲು ಕೊಡುವ ತಂತಿಯ ತಾಯಿಬೊಂಬೆಯ ಬಳಿ ಮರಿಗಳು ಕುಡಿಯಲು ಹೋದವು ಅಷ್ಟೇ. ದಿನದ ಹೆಚ್ಚಿನ ಹೊತ್ತು ಹಾಲಿಲ್ಲದ ಬಟ್ಟೆಯ ಬೊಂಬೆಗೆ ಅಂಟಿಕೊಂಡಿದ್ದವು. ಹಾಲಿನ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಆ ಮರಿಗಳು ಅನುಭವಿಸಿದ್ದು ಕ್ರೌರ್ಯ, ಅದರಲ್ಲಿ ಎರಡು ಮಾತಿಲ್ಲ. 1978ರಲ್ಲಿ ಭಾರತ ಈ ಕೋತಿಗಳ ರಫ್ತನ್ನು ನಿಲ್ಲಿಸಿತು.

ಮುಂದಿನ ದೊಡ್ಡ ಹೆಜ್ಜೆ ಮೇರಿ ಐನ್ಸ್‌ವರ್ತ್ ಅವರದು. ಅವರು ತಾಯಿ ಮಗುವಿನ ಒಡನಾಟವನ್ನು ಮೊದಲು ಕಣ್ಣಾರೆ ನೋಡುತ್ತ ಕೂತದ್ದು ಅಮೆರಿಕದಲ್ಲಿ ಅಲ್ಲ, 1954–55ರಲ್ಲಿ ಉಗಾಂಡದ ಹಳ್ಳಿಮನೆಗಳಲ್ಲಿ. ಅಜ್ಜಿ, ಅಕ್ಕ, ಸವತಿ, ನೆರೆಯವರು ಎಲ್ಲರೂ ಕೂಸನ್ನೆತ್ತುವ ಮನೆಗಳವು. ತಾಯಿಯನ್ನು ನೆಲೆಯಾಗಿಟ್ಟುಕೊಂಡು ಮಗು ತುಸು ದೂರ ತೆವಳಿ, ಹಿಂತಿರುಗಿ ನೋಡಿ, ಮತ್ತೆ ಮುಂದೆ ಹೋಗುವುದನ್ನು ಅವರು ಅಲ್ಲಿ ಗುರುತಿಸಿದರು. ನಂತರ ಬಾಲ್ಟಿಮೋರಿನಲ್ಲಿ 26 ಕುಟುಂಬಗಳನ್ನು ಒಂದು ವರ್ಷ ಅನುಸರಿಸಿ, ಸುಮಾರು 20 ನಿಮಿಷದ ಒಂದು ಪರೀಕ್ಷೆ ರೂಪಿಸಿದರು. ಒಂದು ವರ್ಷದ ಮಗು ಅಪರಿಚಿತ ಕೋಣೆಯಲ್ಲಿ ತಾಯಿಯೊಡನೆ ಆಡುತ್ತದೆ, ಹೊಸಬರು ಬರುತ್ತಾರೆ, ತಾಯಿ ಹೊರಗೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಐನ್ಸ್‌ವರ್ತ್ ಹೆಚ್ಚು ಬೆಲೆ ಕೊಟ್ಟದ್ದು ತಾಯಿ ಹೋದಾಗಿನ ಅಳುವಿಗಿಂತ ಆಕೆ ಮರಳಿದಾಗ ಮಗು ಏನು ಮಾಡುತ್ತದೆ ಎಂಬುದಕ್ಕೆ. ಮೂರರಲ್ಲಿ ಎರಡು ಪಾಲು ಮಕ್ಕಳು ಓಡಿಬಂದು ಅಪ್ಪಿ ಸಮಾಧಾನಗೊಂಡವು. ಕೆಲವು ಮುಖ ತಿರುಗಿಸಿದವು. ಇನ್ನು ಕೆಲವು ಎತ್ತಿಕೊಂಡರೂ ಸಿಟ್ಟಿನಿಂದ ಒದ್ದಾಡಿ ಅಳು ನಿಲ್ಲಿಸಲಿಲ್ಲ. ಮೊದಲಿನದು ಭದ್ರ ಬಾಂಧವ್ಯ, ಉಳಿದೆರಡು ಅಭದ್ರ. ಮಗುವಿನ ಸೂಚನೆಯನ್ನು ಗಮನಿಸಿ ತಕ್ಕ ಹೊತ್ತಿಗೆ ಸ್ಪಂದಿಸಿದವರ ಮಕ್ಕಳೇ ಮೊದಲ ಗುಂಪಿನಲ್ಲಿ ಹೆಚ್ಚಿದ್ದವು.

ಈ ಪರೀಕ್ಷೆ ದೇಶದೇಶ ಸುತ್ತಿದಾಗ ತೊಡಕು ಎದುರಾಯಿತು. ಜರ್ಮನಿಯ ಬೀಲೆಫೆಲ್ಡ್‌ನಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಮುಖ ತಿರುಗಿಸುವ ಗುಂಪಿಗೆ ಸೇರಿದವು. ಜಪಾನಿನ ಸಪ್ಪೊರೊದಲ್ಲಿ ಕೆಇಕೊ ತಕಹಾಶಿ ನೋಡಿದ 60 ಮಕ್ಕಳಲ್ಲಿ ಆ ಗುಂಪಿನದು ಒಂದೂ ಇಲ್ಲ, ಸಂತೈಸಿದರೂ ಅಳುವ ಮಕ್ಕಳೇ ಸುಮಾರು ಮೂರನೇ ಒಂದು ಪಾಲು. ಜಪಾನಿನ ಮಕ್ಕಳ ಬಾಂಧವ್ಯವೇ ದುರ್ಬಲವೇ? ಅಲ್ಲ. ಅಮ್ಮನ ಪಕ್ಕದಲ್ಲೇ ಮಲಗಿ, ಬೆನ್ನಿಗೇ ಅಂಟಿ ಬೆಳೆದ ಮಗುವನ್ನು ಮೂರು ನಿಮಿಷ ಒಂಟಿಯಾಗಿ ಕೂರಿಸಿದ್ದೇ ಅದಕ್ಕೆ ತಡೆಯಲಾಗದ ದಿಗಿಲು. ನಮ್ಮ ಬನಶಂಕರಿಯ ಅಜ್ಜಿ ಸಾಕಿದ ಮಗುವನ್ನು ಆ ಕೋಣೆಯಲ್ಲಿ ಬಿಟ್ಟರೂ ಅದೇ ಆದೀತು. 1988ರಲ್ಲಿ ವಾನ್ ಐಜೆಂಡೊರ್ನ್ ಮತ್ತು ಕ್ರೂನೆನ್‌ಬರ್ಗ್ 8 ದೇಶಗಳ 32 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ದೇಶದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸವೇ ಹೆಚ್ಚೆಂದು ಕಂಡಿತು. ಆ ಎಂಟರಲ್ಲಿ ಭಾರತ ಇರಲಿಲ್ಲ.

ಒಬ್ಬಳೇ ತಾಯಿ ಎಂಬ ಚಿತ್ರವೂ ಮೆಲ್ಲನೆ ಸಡಿಲಗೊಂಡಿತು. ಗ್ಲಾಸ್ಗೊದಲ್ಲಿ 60 ಶಿಶುಗಳನ್ನು ಅನುಸರಿಸಿದ ಶಾಫರ್ ಮತ್ತು ಎಮರ್ಸನ್ 1964ರಲ್ಲೇ ವರದಿ ಮಾಡಿದ್ದರು: ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳು ಅಪ್ಪ, ಅಜ್ಜಿ, ಅಣ್ಣ ಅಕ್ಕ ಎಂದು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿರುತ್ತವೆ. ಭುವನೇಶ್ವರದ ಕುಟುಂಬಗಳನ್ನು 1960ರ ದಶಕದಿಂದ ಬಲ್ಲ ಸೂಸನ್ ಸೀಮೋರ್ 1999ರ ತಮ್ಮ ಪುಸ್ತಕದಲ್ಲಿ ಹಲವು ಕೈಗಳ ಸಾಕಣೆಯನ್ನೇ ವಿವರಿಸಿದರು. ಹೈಡಿ ಕೆಲ್ಲರ್ ಕ್ಯಾಮರೂನಿನ ರೈತ ತಾಯಂದಿರು, ಗುಜರಾತ್ ಮತ್ತು ದೆಹಲಿಯ ತಾಯಂದಿರು, ಜರ್ಮನಿಯ ಮಧ್ಯಮ ವರ್ಗದವರು ಇವರನ್ನೆಲ್ಲ ಹೋಲಿಸಿ, ಮೈಗೆ ಮೈ ತಾಗಿಸಿ ಸಾಕುವುದೂ ಮುಖಕ್ಕೆ ಮುಖ ಕೊಟ್ಟು ಮಾತಾಡಿಸಿ ಸಾಕುವುದೂ ಬೇರೆಬೇರೆ ಬದುಕಿಗೆ ತಕ್ಕ ರೀತಿಗಳೆಂದು ವಾದಿಸಿದರು.

ಹಾಗಾದರೆ ಯಾರು ಸಾಕಿದರೂ ಸರಿಯೇ? ಇಲ್ಲಿ ಎರಡು ಅಧ್ಯಯನಗಳನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಇಸ್ರೇಲಿನ ಕಿಬ್ಬುತ್ಸ್ ಎಂಬ ಸಾಮೂಹಿಕ ವಸತಿಗಳಲ್ಲಿ ಹಗಲು ಎಲ್ಲ ಮಕ್ಕಳೂ ಶಿಶುಮನೆಯಲ್ಲೇ ಇರುತ್ತಿದ್ದವು. ರಾತ್ರಿ ಮಾತ್ರ ಕೆಲವು ಮನೆಗೆ ಹೋಗುತ್ತಿದ್ದವು, ಕೆಲವು ಅಲ್ಲೇ ಮಲಗುತ್ತಿದ್ದವು. ಅಬ್ರಹಾಂ ಸಾಗಿ ಮತ್ತು ಸಂಗಡಿಗರ 1994ರ ವರದಿಯಂತೆ ಮನೆಯಲ್ಲಿ ಮಲಗಿದವರಲ್ಲಿ ಶೇ. 80ರಷ್ಟು ಭದ್ರ ಬಾಂಧವ್ಯ, ಶಿಶುಮನೆಯಲ್ಲಿ ಮಲಗಿದವರಲ್ಲಿ ಶೇ. 48 ಮಾತ್ರ. ರಾತ್ರಿ ಅತ್ತಾಗ ಬರುತ್ತಿದ್ದವರು ಸರದಿಯ ಮೇಲೆ ಬದಲಾಗುವ, ಮುಖಪರಿಚಯವಿಲ್ಲದ ಕಾವಲಿನವರು. ಇನ್ನೊಂದು, ಅಮೆರಿಕದಲ್ಲಿ 1991ರಿಂದ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಅನುಸರಿಸಿದ ದೊಡ್ಡ ಅಧ್ಯಯನ. ಡೇಕೇರ್‌ಗೆ ಹೋಗುವುದರಿಂದಲೇ ತಾಯಿ ಮಗುವಿನ ಬಾಂಧವ್ಯ ಕೆಡುವುದಿಲ್ಲ ಎಂದು ಅದು 1997ರಲ್ಲಿ ಹೇಳಿತು. ತಾಯಿಯ ಸ್ಪಂದನೆಯೂ ಕಡಿಮೆಯಿದ್ದು, ಡೇಕೇರ್‌ನ ಗುಣಮಟ್ಟವೂ ಕಳಪೆಯಾಗಿದ್ದರೆ ಅಥವಾ ಆರೈಕೆಯ ವ್ಯವಸ್ಥೆ ಮತ್ತೆಮತ್ತೆ ಬದಲಾದರೆ ಆಗ ಅಪಾಯ ಹೆಚ್ಚುತ್ತದೆ. ಕೈಗಳು ಹಲವಿದ್ದರೆ ಕೂಸಿಗೆ ತೊಂದರೆಯಿಲ್ಲ, ಅವು ಪರಿಚಿತ ಕೈಗಳಾಗಿ ಉಳಿಯಬೇಕು.

ಬೆಂಗಳೂರಿಗೆ ಬರೋಣ. ಜಯನಗರದ ಅಂಚಿನಲ್ಲಿ, ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್ ಈ ಕ್ಷೇತ್ರಕ್ಕೆ ಕೊಟ್ಟದ್ದು ದೊಡ್ಡದು. 2009ರಲ್ಲಿ ಪ್ರಭಾ ಚಂದ್ರ ಮತ್ತು ಸಂಗಡಿಗರು ಅಲ್ಲಿ ತಾಯಿ ಮಗು ಘಟಕ ಆರಂಭಿಸಿದರು. ಹೆರಿಗೆಯ ನಂತರ ತೀವ್ರ ಮನೋರೋಗಕ್ಕೆ ಒಳಗಾದ ತಾಯಿಯನ್ನು ಕೂಸಿನ ಜೊತೆಗೇ ದಾಖಲಿಸಿಕೊಳ್ಳುವ ಇಂಥ ಒಳರೋಗಿ ಘಟಕ ದೇಶದಲ್ಲಿ ಅದೇ ಮೊದಲು. ಬ್ರಿಟನ್ನಿನಲ್ಲಿ ಈ ಕಲ್ಪನೆ 1948ರಷ್ಟು ಹಳೆಯದು, ಆದರೆ ನಿಮ್ಹಾನ್ಸ್ ಅದನ್ನು ನಮ್ಮ ಪದ್ಧತಿಗೆ ಒಗ್ಗಿಸಿತು: ಬಾಣಂತಿಯ ಅಮ್ಮನೋ ಅತ್ತೆಯೋ ಜೊತೆಗಿರುತ್ತಾರೆ. ತಾಯಿ ಚೇತರಿಸಿಕೊಳ್ಳುವವರೆಗೆ ಕೂಸನ್ನು ಅವರು ಎತ್ತಿಕೊಳ್ಳುತ್ತಾರೆ. ದಾದಿಯರ ಕಣ್ಗಾವಲಿನಲ್ಲಿ ಹಾಲೂಡಿಸುವುದು, ಮಾತಾಡಿಸುವುದು, ಸ್ನಾನ ಮಾಡಿಸುವುದು ತಾಯಿಗೆ ಹಂತಹಂತವಾಗಿ ಮರಳುತ್ತದೆ. ಹುಚ್ಚು ಹಿಡಿದವಳೆಂದು ಮಗುವನ್ನು ಕಿತ್ತುಕೊಂಡು ತವರಿಗೆ ಅಟ್ಟುತ್ತಿದ್ದ ಸಮಾಜದಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಎಂಬುದನ್ನು ಹೇಳಬೇಕಿಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಜೊತೆ ನಿಮ್ಹಾನ್ಸ್ ನಡೆಸುತ್ತಿರುವ ಇನ್ನೊಂದು ಅಧ್ಯಯನ ಬೆಂಗಳೂರಿನ ಗರ್ಭಿಣಿಯರಿಂದ ಆರಂಭವಾಗಿ, ಅವರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹಿಂಬಾಲಿಸಿದೆ. ತಾಯಿಯ ಮನಸ್ಸಿನ ಸ್ಥಿತಿ, ಮಗುವನ್ನು ಮುಟ್ಟಿ ಸವರುವ ರೀತಿ ಅದು ಕೇಳುವ ಪ್ರಶ್ನೆಗಳಲ್ಲಿ ಸೇರಿವೆ.

ಸವರುವುದು ಸಣ್ಣ ಸಂಗತಿಯಲ್ಲ. ರೋಮವಿರುವ ಚರ್ಮದಲ್ಲಿ ಒಂದು ಬಗೆಯ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ನಿಧಾನ ನೇವರಿಕೆಗೆ ಅವು ಅತಿ ಹೆಚ್ಚು ಮಿಡಿಯುತ್ತವೆ. 1986ರಲ್ಲಿ ಟಿಫನಿ ಫೀಲ್ಡ್ ಅಮೆರಿಕದ ಆಸ್ಪತ್ರೆಯೊಂದರಲ್ಲಿ ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ದಿನಕ್ಕೆ ಮೂರು ಸಲ ಮೈ ನೀವಿಸಿದಾಗ, ನೀವಿಸಿಕೊಳ್ಳದವರಿಗಿಂತ ಶೇ. 47ರಷ್ಟು ಹೆಚ್ಚು ವೇಗದಲ್ಲಿ ತೂಕ ಏರಿತು. ಚಾಚಿದ ಕಾಲಿನ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ಹಚ್ಚುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಹೊಸತೇನೂ ಕಾಣಲಾರದು. ಬಿಟಿಎಂ ಲೇಔಟಿಗೆ ಹತ್ತಿರದ ಸೇಂಟ್ ಜಾನ್ಸ್ ಆಸ್ಪತ್ರೆಯ ತಜ್ಞರು ಕೊಪ್ಪಳ ಜಿಲ್ಲೆಯಲ್ಲಿ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೆ ಹರಡುವ ಕೆಲಸದಲ್ಲಿ ಮುಂದಿದ್ದರು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಈ ವಿಧಾನದಲ್ಲಿ ತೂಕ ಕಡಿಮೆಯ ಕೂಸನ್ನು ಅಮ್ಮನ ಬರಿ ಎದೆಗೆ ಕಟ್ಟಿಕೊಳ್ಳುತ್ತಾರೆ. ಅಪ್ಪನೂ ಅಜ್ಜಿಯೂ ಕಟ್ಟಿಕೊಳ್ಳಬಹುದು. ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದರೆ ಸಾವು ಕಾಲು ಭಾಗದಷ್ಟು ತಗ್ಗುತ್ತದೆಂದು ಭಾರತವೂ ಸೇರಿದಂತೆ ಐದು ದೇಶಗಳ ಅಧ್ಯಯನ 2021ರಲ್ಲಿ ತೋರಿಸಿತು.

ಬಾಣಂತನವನ್ನು ಹೊಗಳುವಾಗ ಒಂದು ಎಚ್ಚರ ಬೇಕು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಲ್ಲಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 23ರಷ್ಟು ಬಾಣಂತಿಯರಿಗೆ ಖಿನ್ನತೆಯಿತ್ತು. ಬಡತನ, ಗಂಡನ ಹಿಂಸೆ, ಹೆಣ್ಣುಮಗು ಹುಟ್ಟಿತೆಂಬ ಅಸಮಾಧಾನ ಅದರ ಹಿಂದಿದ್ದವು. ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಕಟ್ಟುನಿಟ್ಟಿನ ಪಥ್ಯ ಎಲ್ಲ ಇದ್ದ ಮನೆಯಲ್ಲೂ ತಾಯಿಯ ಕಣ್ಣೀರು ಯಾರಿಗೂ ಕಾಣದೆ ಹೋಗಬಹುದು. ತಾಯಿಯ ಮುಖ ಒಮ್ಮೆಲೇ ಭಾವವಿಲ್ಲದೆ ಸ್ತಬ್ಧವಾದರೆ ಕೆಲವು ತಿಂಗಳ ಕೂಸು ಮೊದಲು ನಕ್ಕು, ಕೈಯಾಡಿಸಿ ಕರೆದು, ಕೊನೆಗೆ ಸೋತು ಮುಖ ತಿರುಗಿಸುತ್ತದೆಂದು ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲೇ ತೋರಿಸಿದ್ದರು. ಆ ತಾಯಿಗೆ ಬೇಕಾದದ್ದು ಚಿಕಿತ್ಸೆ ಮತ್ತು ಆಸರೆ, ಉಪದೇಶವಲ್ಲ.

ಯಾರೂ ಇಲ್ಲದ ಮಕ್ಕಳ ವಿಷಯದಲ್ಲಿ ಶಾಸ್ತ್ರದ ತೀರ್ಪು ಅತ್ಯಂತ ಸ್ಪಷ್ಟ. ರೊಮೇನಿಯಾದ ಅನಾಥಾಲಯಗಳ 136 ಶಿಶುಗಳಲ್ಲಿ ಅರ್ಧವನ್ನು ಸಾಕುಮನೆಗಳಿಗೆ ಕಳಿಸಿದ ಬುಖಾರೆಸ್ಟ್ ಯೋಜನೆಯಲ್ಲಿ, ಎರಡು ವರ್ಷದೊಳಗೆ ಮನೆ ಸೇರಿದವು ಹೆಚ್ಚು ಚೇತರಿಸಿಕೊಂಡವು. ನಮ್ಮ 2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಥೆಗೆ ಸೇರಿಸುವುದು ಕೊನೆಯ ಮಾರ್ಗವಾಗಿರಬೇಕು ಎನ್ನುತ್ತದೆ. ಆದರೂ ಸಾಕುಮನೆ ವ್ಯವಸ್ಥೆ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಕಾನೂನು ಇನ್ನೂ ತಾಯಿಯೊಬ್ಬಳನ್ನೇ ನೋಡುತ್ತಿದೆ. 2017ರ ತಿದ್ದುಪಡಿ ಆಕೆಗೆ 26 ವಾರ ಕೊಟ್ಟಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನದ ರಜೆಯುಂಟು. ಖಾಸಗಿ ಕಂಪನಿಯ ಅಪ್ಪನಿಗೆ ಅಂಥ ಕಾನೂನೇ ಇಲ್ಲ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿತು. ಬಿಟಿಎಂ, ಮಡಿವಾಳದ ಮನೆಗೆಲಸದ ಹೆಣ್ಣುಮಕ್ಕಳಿಗೆ, ಕಟ್ಟಡ ಕಾರ್ಮಿಕರಿಗೆ ಅಂಥದ್ದೇ ವಾರ್ಡಿಗೊಂದು ಬೇಕು. ಬೇರೆಯವರ ಮಗುವನ್ನು ಎದೆಗವಚಿಕೊಂಡು ಸಾಕುವ ಆಯಾಳ ಸ್ವಂತ ಮಗು ಆ ಹೊತ್ತಿನಲ್ಲಿ ಯಾರ ಕೈಯಲ್ಲಿದೆ ಎಂಬುದನ್ನು ನಮ್ಮ ಬಡಾವಣೆಗಳು ಕೇಳಿಕೊಳ್ಳಲೇಬೇಕು.

ಡೇಕೇರ್ ನೋಡಲು ಹೋಗುವವರಿಗೆ ನನ್ನದೊಂದು ವಿನಂತಿ. ಸಿಸಿಟಿವಿ, ಎಸಿ, ಆಟಿಕೆಗಳ ವಿಚಾರ ಆಮೇಲೆ ಇರಲಿ. ನಿಮ್ಮ ಮಗುವನ್ನು ಎತ್ತಿಕೊಳ್ಳುವ ಆಯಾ ಯಾರು, ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ, ಅವರ ಕೈಯಲ್ಲಿ ಎಷ್ಟು ಕೂಸುಗಳಿವೆ, ಅವರಿಗೆ ಎಷ್ಟು ಸಂಬಳ ಎಂದು ಕೇಳಿ. ಮೊದಲ ಒಂದೆರಡು ವಾರ ಮನೆಯವರೊಬ್ಬರು ಮಗುವಿನ ಜೊತೆ ಅಲ್ಲೇ ಕೂರಬಹುದೇ ಎಂದೂ ಕೇಳಿ. ಆಗುವುದಿಲ್ಲ ಎಂದರೆ ಬೇರೆ ಜಾಗ ಹುಡುಕಿ.