ವಜ್ರವೆಂಬ ಅಂಟು: ತುಮಕೂರು ಸೀಮೆಯ ವಾದ್ಯಗಳನ್ನು ಕುರಿತು ಒಂದು ವಿಚಾರ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಹಳೆಯ ಬಡಗಿಗಳೊಡನೆ ಮಾತಿಗೆ ಕುಳಿತವರ ಕಿವಿಗೆ ಒಂದು ಪದ ಬಿದ್ದಿರಬಹುದು. ಮರಕ್ಕೆ ಮರವನ್ನು ಕೂಡಿಸುವ ಅಂಟನ್ನು ಅವರು ‘ವಜ್ರ’ ಎಂದೂ ‘ಮರವಜ್ರ’ ಎಂದೂ ಕರೆಯುವರು. ಹಾರ್ಮೋನಿಯಂ ರಿಪೇರಿ ಮಾಡುವವರೂ ನಾಟಕದ ಪರದೆ ಬರೆಯುವವರೂ ಅದೇ ವಸ್ತುವನ್ನು ‘ಸರೇಸು’ ಎನ್ನುವುದುಂಟು. ಎರಡೂ ಪ್ರಾಣಿಗಳ ಚರ್ಮವನ್ನು ಬೇಯಿಸಿ ಇಳಿಸಿದ ಅಂಟೇ. ಮೊದಲನೆಯ ಹೆಸರು ಸಂಸ್ಕೃತದಿಂದ ಬಂದುದು. ಎರಡನೆಯದು ಪಾರಸಿಯ ಮೂಲದ್ದು. ಸಂಗೀತದ ಚರಿತ್ರೆಯನ್ನು ಬರೆದವರು ವಾದ್ಯದ ಮರವನ್ನು ಕುರಿತು, ತಂತಿಯನ್ನು ಕುರಿತು, ನುಡಿಸಿದವರನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ಇವನ್ನೆಲ್ಲ ಒಂದಾಗಿ ಹಿಡಿದಿದ್ದ ಅಂಟಿನ ಕಡೆಗೆ ಅವರ ಗಮನ ಹರಿದುದು ಕಡಿಮೆ. ಹೆಸರಿನ ಜಾಡನ್ನು ಹಿಡಿದು ಆ ಕಡೆಗೆ ಒಂದೆರಡು ಹೆಜ್ಜೆ ಇಡುವುದಷ್ಟೇ ಈ ಲೇಖನದ ಉದ್ದೇಶ.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವಿದೆ. ಆದರೆ ಅಲ್ಲಿ ಮೊದಲು ಹೇಳಿರುವ ವಜ್ರಲೇಪ ಸಸ್ಯಮೂಲದ್ದು. ಬೇಲದ ಎಳೆಗಾಯಿ, ಬೂರುಗದ ಹೂವು ಮುಂತಾದವನ್ನು ನೀರಿನಲ್ಲಿಟ್ಟು, ಎಂಟನೆಯ ಒಂದು ಪಾಲು ಉಳಿಯುವಂತೆ ಕಾಯಿಸಿ, ದೇವಾಲಯಗಳಿಗೂ ಪ್ರತಿಮೆಗಳಿಗೂ ಬಳಿಯತಕ್ಕದ್ದು ಅದು. ಹಸು, ಎಮ್ಮೆ, ಮೇಕೆಗಳ ಕೊಂಬು, ಕತ್ತೆಯ ಕೂದಲು, ಎಮ್ಮೆ ಹಸುಗಳ ಚರ್ಮ ಇವನ್ನು ಬೇವು ಬೇಲಗಳ ರಸದೊಡನೆ ಸೇರಿಸುವ ಇನ್ನೊಂದು ಲೇಪ ಅದೇ ಅಧ್ಯಾಯದಲ್ಲಿ ಬೇರೆ ಹೆಸರಿನಿಂದ ಬರುತ್ತದೆ. ಆರು ಶತಮಾನಗಳ ತರುವಾಯ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸಕ್ಕೆ ಬಂದರೆ, ಅಂದರೆ ಸುಮಾರು ಕ್ರಿ. ಶ. 1130ರ ವೇಳೆಗೆ, ಪರಿಸ್ಥಿತಿ ಬದಲಾಗಿದೆ. ಇಲ್ಲಿ ವಜ್ರಲೇಪವೆಂದರೆ ಎಮ್ಮೆಯ ಚರ್ಮದ ಅಂಟು. ಹೊಸ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಂತೆ ಮೆತ್ತಗಾಗುವವರೆಗೆ ಬೇಯಿಸಬೇಕು; ಆ ಪಾಕವನ್ನು ಕಡ್ಡಿಗಳಾಗಿ ಮಾಡಿ ಬಿಸಿಲಿನಲ್ಲಿ ಒಣಗಿಸಬೇಕು; ಬೇಕಾದಾಗ ಮಣ್ಣಿನ ಪಾತ್ರೆಯಲ್ಲಿ ಬಿಸಿನೀರಿನೊಡನೆ ಕರಗಿಸಿಕೊಳ್ಳಬೇಕು. ಗ್ರಂಥದಲ್ಲಿ ಈ ವಿಧಿ ಬರುವುದು ಚಿತ್ರಕಲೆಯ ಪ್ರಕರಣದಲ್ಲಿ. ಬಣ್ಣವನ್ನು ಗೋಡೆಗೆ ಹಿಡಿಸುವುದಕ್ಕೆ ಹೇಳಿದ ಅಂಟು ಇದಾದರೂ, ಬಡಗಿಯ ಅಂಟಿನ ಪಾಕವೂ ಇದೇ. ದೇವಾಲಯದ ಗಾರೆಗೆ ಇದ್ದ ಹೆಸರು ಚರ್ಮದ ಅಂಟಿಗೆ ಇಳಿದು, ಕನ್ನಡದ ಬಡಗಿಯ ಬಾಯಲ್ಲಿ ಬರಿಯ ‘ವಜ್ರ’ವಾಗಿ ಉಳಿಯಿತೆಂದು ಹೇಳಬಹುದಾಗಿದೆ. ತಮಿಳಿನ ‘ವಚ್ಚಿರ’ವೂ ಇದೇ ಅರ್ಥದ ಮಾತು.

ಇಲ್ಲಿ ವಸ್ತುವಿನ ಗುಣವನ್ನು ಸ್ವಲ್ಪ ವಿವರಿಸಬೇಕು. ಚರ್ಮ, ಮೂಳೆ, ಸ್ನಾಯುಗಳಲ್ಲಿರುವ ಕೊಲಾಜೆನ್ ಎಂಬ ಪದಾರ್ಥ ಬಿಸಿನೀರಿನಲ್ಲಿ ಸಡಿಲಗೊಂಡು ಜೆಲಾಟಿನ್ ಆಗುತ್ತದೆ; ಅಂಟುವ ಶಕ್ತಿ ಅದರದು. ಗೊರಸು ಕೂದಲುಗಳು ಕೆರಾಟಿನ್ ಎಂಬ ಬೇರೆ ಜಾತಿಗೆ ಸೇರಿದವು. ಅವುಗಳಿಂದ ಇಂಥ ಅಂಟು ಇಳಿಯುವುದಿಲ್ಲ. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಕುಣಿಗಲ್‌ನಲ್ಲಿ, ಕುದುರೆಯ ಗೊರಸಿನಿಂದ ಅಂಟು ಮಾಡುತ್ತಾರೆಂಬ ಮಾತನ್ನು ನಾನು ವಿದ್ಯಾರ್ಥಿಗಳಿಂದಲೇ ಕೇಳಿದ್ದೇನೆ. ಅದು ಲೋಕವೆಲ್ಲ ಹಬ್ಬಿರುವ ತಪ್ಪು ತಿಳಿವಳಿಕೆ. ಒಣಗಿದ ಅಂಟನ್ನು ಮೊದಲು ಕೆಲವು ಗಂಟೆ ತಣ್ಣೀರಿನಲ್ಲಿ ನೆನೆಹಾಕುತ್ತಾರೆ. ಅದು ಉಬ್ಬಿದ ಮೇಲೆ, ಬಿಸಿನೀರಿರುವ ದೊಡ್ಡ ಪಾತ್ರೆಯೊಳಗೆ ಅಂಟಿನ ಪಾತ್ರೆಯನ್ನಿಟ್ಟು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸುತ್ತಾರೆ. ಕುದಿಸಿದರೆ ಬಲ ಕುಂದುತ್ತದೆ. ಮರಕ್ಕೆ ಹಚ್ಚಿದ ಮೇಲೆ ಆರಿ ಗಟ್ಟಿಯಾಗುವ ಮುನ್ನ, ಬೇಗಬೇಗನೆ ಬೆಸುಗೆಯನ್ನು ಒತ್ತಿ ಬಿಗಿಯಬೇಕು. ಕೈ ನಿಧಾನವಾದವನಿಗೆ ಇದು ಒಲಿಯತಕ್ಕ ಅಂಟಲ್ಲ.

ತೀರ್ಥಕ್ಷೇತ್ರದಲ್ಲಿ ಮಾಡಿದ ಪಾಪವು ವಜ್ರಲೇಪವಾಗುತ್ತದೆಂಬ ಹಳೆಯ ನಂಬಿಕೆ ನಮ್ಮಲ್ಲಿದೆ. ಎಂದಿಗೂ ಬಿಡದು ಎಂಬುದು ಅದರ ಅರ್ಥ. ಆದರೆ ಬಡಗಿಯ ವಜ್ರದ ಹೆಚ್ಚುಗಾರಿಕೆ ಅದು ಬಿಡುವುದರಲ್ಲಿಯೇ ಇದೆ. ಶಾಖ ತೇವಗಳನ್ನು ಕೊಟ್ಟು, ತೆಳುವಾದ ಚೂರಿಯನ್ನು ಆಡಿಸಿದರೆ ನೂರು ವರ್ಷದ ಬೆಸುಗೆಯೂ ಮರಕ್ಕೆ ಗಾಯವಾಗದಂತೆ ತೆರೆದುಕೊಳ್ಳುತ್ತದೆ. ಮತ್ತೆ ಹಚ್ಚುವ ಹೊಸ ಅಂಟು ಹಳೆಯದರೊಡನೆ ಬೆರೆಯುತ್ತದೆ. ಪಿಟೀಲಿನ ಮೇಲುಹಲಗೆಯನ್ನು ಬೇಕೆಂದೇ ತೆಳ್ಳಗಿನ ಅಂಟಿನಿಂದ ಕೂಡಿಸುವ ಪದ್ಧತಿ ಯುರೋಪಿನಲ್ಲಿದೆ. ಹವೆಯ ಏರಿಳಿತದಲ್ಲಿ ಮರ ಸೀಳುವುದಕ್ಕಿಂತ ಬೆಸುಗೆ ಬಿಡುವುದು ಲೇಸೆಂಬ ವಿವೇಕ ಅದು. ಗಿಟಾರಿನಲ್ಲಿ ಇನ್ನೊಂದು ಗುಣ ಪ್ರಯೋಜನಕ್ಕೆ ಬರುತ್ತದೆ. ಉಕ್ಕಿನ ತಂತಿಗಳ ಗಿಟಾರಿನ ಕುದುರೆಯ ಮೇಲೆ 70 ಕಿಲೋಗ್ರಾಂಗೂ ಮಿಕ್ಕಿದ ಸೆಳೆತ ಹಗಲಿರುಳೂ ಇರುತ್ತದೆ. ಸಾಮಾನ್ಯವಾದ ಬಿಳಿಯ ಅಂಟು ಅಂಥ ಸೆಳೆತದಲ್ಲಿ ಕೂದಲೆಳೆಯಷ್ಟು ಜರಗಬಹುದು. ಗಾಜಿನಂತೆ ಗಡುಸಾಗುವ ಚರ್ಮದ ಅಂಟು ಜರಗುವುದಿಲ್ಲ. 1833ರಲ್ಲಿ ಆರಂಭವಾದ ಅಮೆರಿಕದ ಮಾರ್ಟಿನ್ ಸಂಸ್ಥೆ 1960ರ ದಶಕದ ನಡುವಿನವರೆಗೂ ಇದನ್ನೇ ಬಳಸಿತು. ಹಳೆಯ ಮಾದರಿಯ ಕೆಲವು ಗಿಟಾರುಗಳಿಗೆ ಈಚೆಗೆ ಮತ್ತೆ ಬಳಸುತ್ತಿದೆ.

ನಮ್ಮ ವೀಣೆಯೂ ಇಂಥದೇ ವಿವೇಕದ ಮೇಲೆ ನಿಂತಿದೆ. ತುಮಕೂರಿಗೆ ಬಹು ದೂರವಲ್ಲದ ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರವು ವೀಣೆಯ ತಯಾರಿಕೆಗೆ ಹೆಸರಾದ ಹಳ್ಳಿ. ಹಲಸಿನ ಮರದಲ್ಲಿ ಕೊಡ, ದಂಡಿಗಳನ್ನು ಕೆತ್ತಿದ ಮೇಲೆ, 24 ಮೆಟ್ಟಿಲುಗಳನ್ನು ಕೂಡಿಸುವುದು ಕರಿ ಬೆರೆಸಿದ ಜೇನುಮೇಣದ ಮೇಲೆ. ವರ್ಷಗಳು ಕಳೆದು ಸ್ವರ ಕೆಟ್ಟಾಗ ಮೇಣವನ್ನು ಬಿಸಿಮಾಡಿ ಮೆಟ್ಟಿಲುಗಳನ್ನು ಹೊಸದಾಗಿ ನಿಲ್ಲಿಸುತ್ತಾರೆ. ಮೇಣವೂ ವಜ್ರವೂ ಬಿಸಿಗೆ ಸೋತು ತಣಿದರೆ ಗಟ್ಟಿಯಾಗುವ ವಸ್ತುಗಳು. ವಾದ್ಯ ಒಂದಲ್ಲ ಒಂದು ದಿನ ಬಿಚ್ಚಬೇಕಾಗಿ ಬರುವುದೆಂದು ತಿಳಿದೇ ಅದನ್ನು ಕಟ್ಟುತ್ತಿದ್ದರು.

ಗುಬ್ಬಿಯ ಮಾತು ಬೇರೆ. ಅಲ್ಲಿ ಸರೇಸು ಎಂಬ ಹೆಸರಿಗೆ ಎಡೆ ಹೆಚ್ಚು. 1884ರಲ್ಲಿ ಆ ಊರಿನಲ್ಲಿ ಹುಟ್ಟಿ, ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿಗೆಲ್ಲ ಪ್ರಸಿದ್ಧವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಚರಿತ್ರೆಯನ್ನು ನಟರ ಚರಿತ್ರೆಯಾಗಿ ಹೇಳುವುದು ವಾಡಿಕೆ. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ಬಂದ ಆನೆ ಕುದುರೆಗಳೂ ಸ್ಮರಣೆಯಲ್ಲಿವೆ. ಆ ಕಾಲದ ಕಂಪನಿ ನಾಟಕಗಳಿಗೆ ಅತ್ಯಗತ್ಯವಾಗಿದ್ದವು ಎರಡು: ಚಿತ್ರಿಸಿದ ಪರದೆ ಮತ್ತು ಕಾಲು ಹಾರ್ಮೋನಿಯಂ. ಪರದೆಯ ಬಣ್ಣದ ಪುಡಿಯನ್ನು ಸರೇಸಿನ ನೀರಿನಲ್ಲಿ ಕಲಸಿ ಬಟ್ಟೆಗೆ ಬಳಿಯುವುದು ಆ ಕಾಲದ ಕ್ರಮ. ಸೋಮೇಶ್ವರನ ಚಿತ್ರಕಾರನು ಮಾಡುತ್ತಿದ್ದುದಕ್ಕಿಂತ ಇದು ಹೆಚ್ಚು ಭಿನ್ನವಲ್ಲ. ನೀರಿಗೆ ಕರಗುವ ಬಣ್ಣವಾದ್ದರಿಂದ ಮಳೆಯ ಹನಿ ಅರಮನೆಯನ್ನೂ ಉದ್ಯಾನವನ್ನೂ ಕಲಸಿಬಿಡಬಲ್ಲದು. ಊರೂರಿಗೆ ಡೇರೆ ಹೊತ್ತು ತಿರುಗುತ್ತಿದ್ದವರಿಗೆ ಇದು ಸಣ್ಣ ಚಿಂತೆಯಲ್ಲ. ಹಾರ್ಮೋನಿಯಮ್ಮಿನಲ್ಲಿ ತಿದಿಯ ಮಡಿಕೆಗಳು, ಗಾಳಿಯ ಕಂಡಿಗಳನ್ನು ಮುಚ್ಚುವ ಚರ್ಮದ ತುಂಡುಗಳು, ಇವೆಲ್ಲ ಅಂಟಿನ ಮೇಲೆಯೇ ನಿಂತವು. ಎಲ್ಲಿ ಬೆಸುಗೆ ಬಿಟ್ಟರೂ ಗಾಳಿ ಸೋರಿ ಶ್ರುತಿ ಉಸಿರುಗಟ್ಟುತ್ತದೆ.

ಇಷ್ಟಾದರೂ ಈ ಅಂಟನ್ನು ಬೇಯಿಸಿದವರು ಯಾರು? 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯ ಸರಕನ್ನು ಪಟ್ಟಿಮಾಡಿದ್ದಾನೆ. ಬಟ್ಟೆ, ಕಂಬಳಿ, ಅಡಿಕೆ, ತೆಂಗಿನಕಾಯಿ, ಬೆಲ್ಲ, ಅರಗು, ಕಬ್ಬಿಣ, ಉಕ್ಕು ಎಲ್ಲ ಅಲ್ಲಿವೆ, ವಜ್ರದ ಹೆಸರಿಲ್ಲ. ಪ್ರಾಯಶಃ ಅದು ಸಂತೆಗೆ ಬರುವ ಸರಕಾಗಿರದೆ, ಊರ ಹೊರಗೆ ಬೆಂದು ನೇರವಾಗಿ ಬಡಗಿಯ ಮನೆಗೆ ಹೋಗುವ ವಸ್ತುವಾಗಿತ್ತು. ಮಾನಸೋಲ್ಲಾಸವು ಹೊಸ ಎಮ್ಮೆಯ ಚರ್ಮವನ್ನು ತರಬೇಕೆನ್ನುತ್ತದೆಯೇ ವಿನಾ ಅದನ್ನು ಸುಲಿದು ತರುವವನನ್ನು ಹೆಸರಿಸುವುದಿಲ್ಲ. ಅದೇ ಕಲ್ಯಾಣದಲ್ಲಿ, ಗ್ರಂಥ ಹುಟ್ಟಿ ನಾಲ್ಕು ದಶಕಗಳು ಕಳೆಯುವುದರೊಳಗೆ, ಸಮಗಾರ ಹರಳಯ್ಯನ ಮನೆಯ ಮದುವೆಯಿಂದ ರಾಜ್ಯವೇ ಅಲ್ಲಾಡಿತೆಂಬುದು ಶರಣ ಪರಂಪರೆಯ ನೆನಪು. ಚರ್ಮದ ಕೆಲಸದವನೊಬ್ಬನ ಹೆಸರು ಆ ನಗರದ ಚರಿತ್ರೆಗೆ ಬಂದುದು ಅವನ ಕೆಲಸದ ಮೂಲಕ ಅಲ್ಲ, ಸಾವಿನ ಮೂಲಕ. ಮೃದಂಗಕ್ಕೆ ಚರ್ಮ ಹೊದಿಸುವವರ ವಿಷಯವಾಗಿ ಟಿ. ಎಂ. ಕೃಷ್ಣ ಅವರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ 2020ರಲ್ಲಿ ಹೊರಬಂದಿದೆ. ಮೃದಂಗದ ಚರ್ಮ ಕಣ್ಣಿಗೆ ಕಾಣುತ್ತದೆ. ಬೆಸುಗೆಯೊಳಗಿನ ಚರ್ಮ ಕಾಣುವುದಿಲ್ಲ. ನವರಾತ್ರಿಯಲ್ಲಿ ಪೂಜೆಗಿಡುವ ವಾದ್ಯದ ಒಳಗೂ ಅದು ಇರಬಹುದೆಂಬುದು ಪೂಜಿಸುವವರ ನೆನಪಿಗೆ ಬಾರದಿರುವುದಕ್ಕೆ ಇದೂ ಒಂದು ಕಾರಣ.

1959ರಲ್ಲಿ ಫೆವಿಕಾಲ್ ಎಂಬ ಬಿಳಿಯ ಅಂಟು ಭಾರತದ ಮಾರುಕಟ್ಟೆಗೆ ಬಂದಿತು. ನೆನೆಹಾಕುವ, ಕಾಯಿಸುವ, ದುರ್ವಾಸನೆ ಸಹಿಸುವ ಕಷ್ಟ ಬಡಗಿಗೆ ತಪ್ಪಿತು. ಆ ಕಷ್ಟವನ್ನು ಅನುಭವಿಸದ ನಾವು ಹಳೆಯದೇ ಒಳ್ಳೆಯದೆಂದು ಹೊಗಳುವುದು ಅಷ್ಟು ನ್ಯಾಯವಲ್ಲ. ಬಾಗಿಲು, ಮೇಜು, ಕುರ್ಚಿಗಳಿಗೆ ಬಿಡದ ಅಂಟೇ ಲೇಸು.

ವಾದ್ಯಕ್ಕೆ ಹಾಗಲ್ಲವೆಂಬುದನ್ನು ನಾನು ಕಂಡುದು ಕುಣಿಗಲ್‌ನಲ್ಲಿ, ಭಜನೆಯ ಹಾರ್ಮೋನಿಯಂ ಒಂದನ್ನು ರಿಪೇರಿಗೆ ಬಿಚ್ಚಿದಾಗ. ತಿದಿಯ ಒಂದು ಮಗ್ಗುಲು ಹಳೆಯ ಸರೇಸಿನದು. ಒದ್ದೆ ಬಟ್ಟೆ ಹಾಸಿ, ಕಾಯಿಸಿದ ಚೂರಿಯನ್ನು ಆಡಿಸಿದೊಡನೆ ಅದು ಹಾಳೆ ಎದ್ದಂತೆ ಎದ್ದುಬಂದಿತು. ಇನ್ನೊಂದು ಮಗ್ಗುಲನ್ನು ಹಿಂದೆ ಯಾರೋ ಯಾವುದೋ ಹೊಸ ಅಂಟು ಹಾಕಿ ಕೂಡಿಸಿದ್ದರು. ಅದನ್ನು ಬಿಡಿಸುವಾಗ ಮರದ ಸಿಬಿರುಗಳೂ ಚರ್ಮದ ಪದರವೂ ಕಿತ್ತುಬಂದು, ಆ ಮಗ್ಗುಲಿನ ಹಲಗೆಯನ್ನೇ ಹೊಸದಾಗಿ ಮಾಡಬೇಕಾಯಿತು. ರಿಪೇರಿ ಮಾಡುತ್ತಿದ್ದ ಹಿರಿಯರು ಏನೂ ಹೇಳದೆ, ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತೆಗೆದರು. ಅದರಲ್ಲಿ ಜೇನಿನ ಬಣ್ಣದ ನಾಲ್ಕೈದು ತುಂಡು ಸರೇಸು ಉಳಿದಿದ್ದವು. ಒಂದನ್ನು ಮುರಿದು ಲೋಟದ ನೀರಿಗೆ ಹಾಕಿ, ನಾಳೆ ಬನ್ನಿ ಎಂದರು.