ಮರುಭೂಮಿಯ ದಾರಿಯಲ್ಲಿ ಒಂದು ರಾತ್ರಿ: ಝುಬೈದಾ ಮಾರ್ಗದ ತಂಗುದಾಣಗಳು

ಪ್ರಯಾಣಿಕನಿಗೆ ಇಸ್ಲಾಮ್ ನೀಡಿರುವ ಸ್ಥಾನ ವಿಶಿಷ್ಟವಾದುದು. ಝಕಾತ್ ಪಡೆಯಲು ಅರ್ಹವಾದ ಎಂಟು ವರ್ಗಗಳಲ್ಲಿ ‘ಇಬ್ನುಸ್ಸಬೀಲ್’ ಅಂದರೆ ‘ದಾರಿಯ ಮಗ’ನನ್ನೂ ಪವಿತ್ರ ಕುರ್‌ಆನ್ ಎಣಿಸಿದೆ. ತನ್ನ ಊರಿನಲ್ಲಿ ಸಿರಿವಂತನಾಗಿದ್ದರೂ ಪ್ರಯಾಣದಲ್ಲಿ ಕೈ ಬರಿದಾದವನು ಈ ವರ್ಗಕ್ಕೆ ಸೇರುತ್ತಾನೆಂದು ವಿದ್ವಾಂಸರು ವಿವರಿಸಿದ್ದಾರೆ. ಅಗತ್ಯಕ್ಕಿಂತ ಹೆಚ್ಚು ನೀರಿದ್ದೂ ದಾರಿಹೋಕನಿಗೆ ಅದನ್ನು ನಿರಾಕರಿಸುವವನಿಗೆ ಪ್ರವಾದಿವರ್ಯರು(ಸ) ಕಠಿಣವಾದ ಎಚ್ಚರಿಕೆ ನೀಡಿದ್ದಾರೆ. ಈ ಬೋಧನೆಯು ಪ್ರವಚನಗಳಲ್ಲಷ್ಟೇ ಉಳಿಯದೆ ಕಲ್ಲು, ಗಾರೆ, ಬಾವಿಗಳ ರೂಪವನ್ನು ಹೇಗೆ ತಾಳಿತೆಂದು ಅರಿಯಬೇಕಾದರೆ ನಾವು ಇರಾಕಿನ ಕೂಫಾದಿಂದ ಮಕ್ಕಾಗೆ ಸಾಗುತ್ತಿದ್ದ ಪುರಾತನ ಹಜ್ಜ್ ಮಾರ್ಗವನ್ನು ನೋಡಬೇಕು.

ಸುಮಾರು 1400 ಕಿ.ಮೀ. ಉದ್ದದ ಈ ದಾರಿಯ ಬಹುಭಾಗ ಜನವಸತಿಯಿಲ್ಲದ ಮರುಭೂಮಿ. ಅಬ್ಬಾಸೀ ಖಲೀಫರು ಆರಂಭದಿಂದಲೇ ಇದರತ್ತ ಗಮನ ಹರಿಸಿದರು. ಮೊದಲನೆಯ ಖಲೀಫ ಸಫ್ಫಾಹ್ ದೂರಸೂಚಕ ಕಲ್ಲುಗಳನ್ನು ನೆಡಿಸಿದರು. ಖಲೀಫ ಮಹ್ದಿ ಹಿಜ್ರಿ 161ರಲ್ಲಿ ತಂಗುದಾಣಗಳನ್ನೂ ಜಲಾಶಯಗಳನ್ನೂ ನಿರ್ಮಿಸಲು ಆಜ್ಞಾಪಿಸಿದರು. ಆದರೆ ದಾರಿಗೆ ಶಾಶ್ವತವಾಗಿ ಉಳಿದ ಹೆಸರು ಖಲೀಫ ಹಾರೂನ್ ರಶೀದ್‌ರ ಪತ್ನಿ ಝುಬೈದಾರದು. ಕ್ರಿ.ಶ. 831ರಲ್ಲಿ ನಿಧನರಾದ ಈ ಮಹಿಳೆ ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಹಜ್ಜ್ ಯಾತ್ರಿಕರ ನೀರಿಗಾಗಿ ವ್ಯಯಿಸಿದರು. ಆದ್ದರಿಂದಲೇ ಅದು ‘ದರ್ಬ್ ಝುಬೈದಾ’ ಎನಿಸಿತು.

ಈ ಮಾರ್ಗದಲ್ಲಿ 27 ಪ್ರಮುಖ ನಿಲ್ದಾಣಗಳಿದ್ದವು. ಅವುಗಳ ನಡುವೆ ಕಿರು ತಂಗುದಾಣಗಳೂ ಇದ್ದವು. ಎಲ್ಲಕ್ಕೂ ಆಧಾರ ನೀರು. ವರ್ಷದಲ್ಲಿ ಕೆಲವೇ ದಿನ ಸುರಿಯುವ ಮಳೆಯಿಂದ ಒಣಹಳ್ಳಗಳಲ್ಲಿ ಹರಿದುಬರುವ ನೀರನ್ನು ಕಾಲುವೆಗಳ ಮೂಲಕ ತಿರುಗಿಸುತ್ತಿದ್ದರು. ಅದು ಮೊದಲು ಚಿಕ್ಕ ತೊಟ್ಟಿಯೊಂದಕ್ಕೆ ಬಂದು, ಮಣ್ಣು ಮರಳು ತಳಕ್ಕಿಳಿದ ಬಳಿಕ ಗಾರೆ ಮೆತ್ತಿದ ದೊಡ್ಡ ಕೊಳವನ್ನು ಸೇರುತ್ತಿತ್ತು. ಕೆಲವು ಕೊಳಗಳು ದುಂಡಗಿದ್ದವು, ಕೆಲವು ಚೌಕಾಕಾರದವು. ನೀರು ಇಳಿದಂತೆ ಕೆಳಗೆ ಹೋಗಿ ತುಂಬಿಕೊಳ್ಳಲು ಮೆಟ್ಟಿಲುಗಳನ್ನು ಕಟ್ಟಲಾಗಿತ್ತು. ದೊಡ್ಡ ನಿಲ್ದಾಣಗಳಲ್ಲಿ ಕೋಟೆ, ಮಸೀದಿ, ಸಂತೆಯೂ ಇರುತ್ತಿದ್ದವು.

ಪ್ರಸಿದ್ಧ ಪ್ರವಾಸಿ ಇಬ್ನ್ ಬತೂತಾ 1326ರಲ್ಲಿ ಹಜ್ಜ್ ಮುಗಿಸಿ ಇರಾಕಿನ ಯಾತ್ರಿಕರ ಕಾರವಾನ್ ಜೊತೆ ಈ ದಾರಿಯಲ್ಲಿ ಮರಳಿದರು. ರಾತ್ರಿಯಲ್ಲಿ ಪಂಜುಗಳನ್ನು ಹಚ್ಚಿಕೊಂಡು ಕಾರವಾನ್ ನಡೆಯುತ್ತಿದ್ದುದನ್ನೂ, ಬಡ ಯಾತ್ರಿಕರಿಗಾಗಿಯೇ ಒಂಟೆಗಳ ಮೇಲೆ ನೀರು ಹೊರಿಸಿ ತರುತ್ತಿದ್ದುದನ್ನೂ ಅವರು ದಾಖಲಿಸಿದ್ದಾರೆ. ದಾರಿಯ ನಡುಭಾಗದ ಫೈದ್ ಎಂಬ ಊರಿನಲ್ಲಿ ಒಂದು ಸುಂದರ ಪದ್ಧತಿಯಿತ್ತು. ಮಕ್ಕಾಗೆ ಹೋಗುವಾಗ ಯಾತ್ರಿಕರು ತಮ್ಮ ದವಸಧಾನ್ಯದ ಒಂದು ಭಾಗವನ್ನು ಅಲ್ಲಿನ ನಿವಾಸಿಗಳ ಬಳಿ ಇಟ್ಟುಹೋಗಿ, ಹಿಂದಿರುಗುವಾಗ ಪಡೆದುಕೊಳ್ಳುತ್ತಿದ್ದರು. ತಿಂಗಳುಗಳ ಬಳಿಕ ಆ ಗಂಟು ಅಲ್ಲಿಯೇ ಇರುತ್ತದೆಂಬ ಭರವಸೆಯಿಂದಲೇ ಸಾವಿರಾರು ಮಂದಿ ಮುಂದಿನ ಹೆಜ್ಜೆಯಿಡುತ್ತಿದ್ದರು. ಅಮಾನತ್ತಿನ ಪಾಲನೆ ಎಂದರೆ ಇದೇ ತಾನೆ?

ಅದಕ್ಕೂ ಮುನ್ನ, 1184ರಲ್ಲಿ, ಅಂದಲೂಸಿಯಾದ ಇಬ್ನ್ ಜುಬೈರ್ ಇದೇ ದಾರಿ ಹಿಡಿದಿದ್ದರು. ಝುಬೈದಾರ ನಿಧನವಾಗಿ ಮೂರೂವರೆ ಶತಮಾನ ಕಳೆದಿತ್ತು. ಆದರೂ ಕೊಳಗಳಲ್ಲಿ ನೀರಿತ್ತು. ಆಕೆಯ ಈ ಸತ್ಕಾರ್ಯಗಳಿಲ್ಲದಿದ್ದರೆ ಈ ದಾರಿಯಲ್ಲಿ ಯಾರೂ ನಡೆಯಲಾಗುತ್ತಿರಲಿಲ್ಲವೆಂದು ಅವರು ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಜೊತೆಗೆ ಒಂದು ಕಹಿ ಘಟನೆಯನ್ನೂ ಮರೆಮಾಚದೆ ಬರೆದಿದ್ದಾರೆ. ಸಅ್‌ಲಬಿಯ್ಯಾ ಎಂಬಲ್ಲಿ ನೀರಿಗಾಗಿ ನೂಕುನುಗ್ಗಲಾಗಿ ಯಾತ್ರಿಕರು ಕಾಲ್ತುಳಿತಕ್ಕೆ ಸಿಕ್ಕಿ ಅಸುನೀಗಿದರು. ಬಾಯಾರಿದವರಿಗಾಗಿ ಕಟ್ಟಿದ ಕೊಳದ ಬಳಿಯಲ್ಲೇ, ಹಜ್ಜ್ ಪೂರೈಸಿ ಬಂದವರ ಕಾಲಡಿಯಲ್ಲೇ ಹಾಜಿಗಳು ಸತ್ತರು! ದಾನಿಯು ಕೊಳವನ್ನು ಕಟ್ಟಿಸಬಹುದು. ಆದರೆ ಸರದಿಯಲ್ಲಿ ನಿಲ್ಲುವ ಸಂಯಮವನ್ನು ಯಾತ್ರಿಕನೇ ತರಬೇಕು.

ದಾರಿ ಹಾಳಾದುದು ಒಂದೇ ದಿನದಲ್ಲಲ್ಲ. ಹತ್ತನೆಯ ಶತಮಾನದಲ್ಲಿ ಕರಾಮಿತರು ಹಜ್ಜ್ ಕಾರವಾನ್‌ಗಳ ಮೇಲೆರಗಿ ಕೊಲೆ, ಸುಲಿಗೆ ನಡೆಸಿದರು. 1258ರಲ್ಲಿ ಮಂಗೋಲರು ಬಗ್ದಾದನ್ನು ಧ್ವಂಸಗೊಳಿಸಿದ ನಂತರ ಮಾರ್ಗಕ್ಕಿದ್ದ ಆಸರೆಯೇ ಕುಸಿಯಿತು. ಹೂಳು ತೆಗೆಯುವವರಿಲ್ಲದ ಕೊಳಗಳನ್ನು ಮರಳು ತುಂಬಿತು. ಅಬೂದರ್ರ್ ಗಿಫಾರಿ(ರ) ಕೊನೆಯುಸಿರೆಳೆದ ರಬದಾ ಕೂಡ ಈ ಮಾರ್ಗದ ಒಂದು ಪ್ರಮುಖ ನಿಲ್ದಾಣವಾಗಿತ್ತು. ಮರೆಯಾಗಿದ್ದ ಆ ಪಟ್ಟಣ 1979ರಿಂದ ನಡೆದ ಉತ್ಖನನದಿಂದಲೇ ಮತ್ತೆ ಬೆಳಕು ಕಂಡಿತು.

ಇದರಲ್ಲಿ ನಮಗೊಂದು ಪಾಠವಿದೆ. ಕಟ್ಟಿಸಿದವರ ಹೆಸರು ಇತಿಹಾಸದಲ್ಲಿ ಉಳಿಯಿತು. ಆದರೆ ಮೂರೂವರೆ ಶತಮಾನಗಳ ಬಳಿಕವೂ ಇಬ್ನ್ ಜುಬೈರ್‌ರಿಗೆ ನೀರು ದೊರೆತುದು ಆ ಕೊಳಗಳನ್ನು ಕಾಪಾಡಿಕೊಂಡು ಬಂದ, ಹೆಸರೇ ತಿಳಿಯದ ಕೈಗಳಿಂದ. ಇಂದು ನಾವು ಮಸೀದಿ, ಮುಸಾಫಿರ್‌ಖಾನೆ, ಅರವಟ್ಟಿಗೆಗಳನ್ನು ಉತ್ಸಾಹದಿಂದ ಉದ್ಘಾಟಿಸುತ್ತೇವೆ, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಎರಡು ವರ್ಷಗಳ ಬಳಿಕ ಅಲ್ಲಿನ ನಲ್ಲಿಯಲ್ಲಿ ನೀರು ಬರುತ್ತಿದೆಯೇ, ರಾತ್ರಿ ಬಂದಿಳಿದ ಅಪರಿಚಿತನಿಗೆ ಬಾಗಿಲು ತೆರೆಯುವವರಿದ್ದಾರೆಯೇ ಎಂದು ವಿಚಾರಿಸುವವರು ವಿರಳ. ಸದಕಃ ಜಾರಿಯಃ ಎಂದರೆ ಹರಿಯುತ್ತಲೇ ಇರುವ ದಾನ. ಅದು ಹರಿಯುತ್ತಿರಬೇಕಾದರೆ ಹೂಳು ತೆಗೆಯುವ ಕೈಗಳೂ ಬೇಕು. ಅಲ್ಲಾಹನು ನಮ್ಮನ್ನು ಅಂತಹ ಕೈಗಳಲ್ಲಿ ಸೇರಿಸಲಿ. ಆಮೀನ್.