ಟೌನ್ ಹಾಲಿನ ಗಂಟೆ, ಜೇಬಿನ ಬೀಗದ ಕೈ

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ನ್ಯೂ ಟೌನಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಕಾರಿನ ಮುಂದೆ ನಿಂತು ರಿಮೋಟ್ ಕೀ ಒತ್ತಿದೆ. ಬಾಗಿಲು ತೆಗೆದುಕೊಳ್ಳಲಿಲ್ಲ. ಒಂದು ವಾರದಿಂದಲೇ ಅದು ಸೂಚನೆ ಕೊಡುತ್ತಿತ್ತು. ಮೊದಲು ಇಪ್ಪತ್ತು ಹೆಜ್ಜೆ ದೂರದಿಂದ ಕೇಳುತ್ತಿದ್ದ ಕಾರು ಆಮೇಲೆ ಐದು ಹೆಜ್ಜೆಗೆ, ಕೊನೆಗೆ ಗಾಜಿಗೆ ಒತ್ತಿ ಹಿಡಿದರೆ ಮಾತ್ರ ಕೇಳುತ್ತಿತ್ತು. ಮರುದಿನ ಫೋನ್ ಮಾಡಿದ ಸರ್ವಿಸ್ ಸೆಂಟರಿನವರು ಇಡೀ ಕೀಯನ್ನೇ ಬದಲಿಸಬೇಕಾದೀತು ಎಂದರು. ಲೇಕ್ ಮಾರ್ಕೆಟ್ಟಿನಲ್ಲಿ ಕೈಗಡಿಯಾರ ರಿಪೇರಿ ಮಾಡುವವರೊಬ್ಬರು ಅದನ್ನು ನೋಡಿ, "ದಾದಾ, ಸೆಲ್ ಹಾಕಿ, ಸಾಕು" ಎಂದರು. ಅವರು ಹೇಳಿದ್ದೇ ಸರಿಯಾಗಿತ್ತು.

ಸೆಲ್ ಹಾಕುವುದು ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷದ ಹಿಂದೆ ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಕತೆಯಿದೆ. ಅದರ ಒಂದು ದೊಡ್ಡ ಪಾಲು ನಡೆದದ್ದು ಇದೇ ಊರಿನಲ್ಲಿ.

ಕೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ವಸ್ತುವಿನಿಂದ ಹೊರಟ ಕಾಣದ ಅಲೆ, ತಂತಿಯಿಲ್ಲದೆ ಗೋಡೆಯನ್ನು ದಾಟಿ, ದೂರದಲ್ಲಿರುವ ಇನ್ನೊಂದು ಯಂತ್ರಕ್ಕೆ ಕೆಲಸ ಹೇಳುವುದು ಸಾಧ್ಯ ಎಂದು ಕೋಲ್ಕತ್ತಾದ ಜನ ಕಣ್ಣಾರೆ ಕಂಡದ್ದು 1895ರಲ್ಲಿ. ಡೋರಿಕ್ ಕಂಬಗಳ ಟೌನ್ ಹಾಲಿನಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಭೌತಶಾಸ್ತ್ರದ ಪ್ರಾಧ್ಯಾಪಕ ಜಗದೀಶ ಚಂದ್ರ ಬೋಸರು ಈ ಪ್ರಯೋಗ ತೋರಿಸಿದರು. ಒಂದು ಕೋಣೆಯಿಂದ ಹೊರಟ ವಿದ್ಯುತ್ಕಾಂತ ಅಲೆಗಳು ನಡುವಿನ ಗೋಡೆಗಳನ್ನು ದಾಟಿ, ಸುಮಾರು 75 ಅಡಿ ದೂರದಲ್ಲಿ ಗಂಟೆ ಬಾರಿಸಿದವು, ಮದ್ದಿನ ಪುಡಿಗೆ ಕಿಡಿ ಹೊತ್ತಿಸಿದವು. ಗುಂಡಿ ಒತ್ತಿದರೆ ಬೀಗ ತೆಗೆಯುವುದಕ್ಕೂ ಅಲೆ ಬಿಟ್ಟರೆ ಗಂಟೆ ಬಾರಿಸುವುದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ.

ರೇಡಿಯೋವನ್ನು ಬೋಸರೊಬ್ಬರೇ ಕಂಡುಹಿಡಿದರು ಎಂದರೆ ಅದು ಅಭಿಮಾನದ ಮಾತಾದೀತು. ಅಲೆಗಳನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದ್ದು ಜರ್ಮನಿಯ ಹರ್ಟ್ಜ್, 1887-88ರಲ್ಲಿ. 1894ರಲ್ಲಿ ಇಂಗ್ಲೆಂಡಿನ ಆಲಿವರ್ ಲಾಡ್ಜ್ ಅವನ್ನು ಸಭೆಯಲ್ಲಿ ಪ್ರದರ್ಶಿಸಿದ್ದರು. ಅದನ್ನು ವ್ಯಾಪಾರವಾಗಿ, ಉದ್ಯಮವಾಗಿ ಬೆಳೆಸಿದ್ದು ಮಾರ್ಕೋನಿ. ಬೋಸರ ಹೆಚ್ಚುಗಾರಿಕೆ ಬೇರೆ ಕಡೆ ಇತ್ತು. ಉಳಿದವರು ಉದ್ದುದ್ದ ಅಲೆಗಳ ಬೆನ್ನುಹತ್ತಿದಾಗ ಅವರು 5 ಮಿಲಿಮೀಟರಿನಷ್ಟು ಕಿರಿದಾದ ಅಲೆಗಳನ್ನು ಹುಟ್ಟಿಸಿ ಅಳೆದರು. ಅಲೆ ಕಿರಿದಾದರೆ ಉಪಕರಣವೂ ಕಿರಿದಾಗುತ್ತದೆ, ಮೇಜಿನ ಮೇಲೆ ಹಿಡಿಸುತ್ತದೆ.

ಆ ಉಪಕರಣಗಳು ಬಂದದ್ದೆಲ್ಲಿಂದ? ಕಾಲೇಜಿನಲ್ಲಿ ಅವರಿಗೆ ಸರಿಯಾದ ಪ್ರಯೋಗಾಲಯ ಇರಲಿಲ್ಲ. 1885ರಲ್ಲಿ ಕೆಲಸಕ್ಕೆ ಸೇರಿದಾಗ ಭಾರತೀಯರಿಗೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಎಂಬ ನಿಯಮವಿತ್ತು. ಬೋಸರು ಪಾಠ ನಿಲ್ಲಿಸಲಿಲ್ಲ, ಆದರೆ ಮೂರು ವರ್ಷ ಆ ಸಂಬಳವನ್ನು ಮುಟ್ಟಲೂ ಇಲ್ಲ. ಕೊನೆಗೆ ಸರ್ಕಾರವೇ ಸೋತು ಹಿಂದಿನ ಬಾಕಿ ಸಹಿತ ಪೂರ್ತಿ ಸಂಬಳ ಕೊಟ್ಟಿತು. ಪ್ರಯೋಗಕ್ಕೆ ಬೇಕಾದ ಸಾಮಾನನ್ನು ಅವರು ಊರಿನ ತಗಡುಗೆಲಸದವರಿಂದ ಮಾಡಿಸಿಕೊಂಡರು. ಅಲೆಗಳನ್ನು ಒಂದೇ ದಿಕ್ಕಿನ ಕಂಪನಕ್ಕೆ ತರಲು ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯ ಹಾಳೆಗಳ ನಡುವೆ ತವರದ ತೆಳು ಹಾಳೆ ಸೇರಿಸಿದ ಪುಸ್ತಕವನ್ನೇ ಬಳಸಿದರು. ಕಂಪನದ ದಿಕ್ಕನ್ನು ತಿರುಗಿಸಲು ಬಳಸಿದ್ದು ಹುರಿ ಮಾಡಿದ ಸೆಣಬಿನ ನಾರು. ಹೂಗ್ಲಿ ದಂಡೆಯ ಗಿರಣಿಗಳಿಗೆ ಹೋಗುತ್ತಿದ್ದ ಅದೇ ಸೆಣಬು!

ಪೇಟೆಂಟಿನ ವಿಷಯದಲ್ಲಿ ಬೋಸರ ನಿಲುವು ಗೊತ್ತಿರುವುದೇ. ಅಲೆಗಳನ್ನು ಗ್ರಹಿಸುವ ತಮ್ಮ ಪಾದರಸದ ಸಾಧನದ ವಿವರವನ್ನು 1899ರಲ್ಲಿ ರಾಯಲ್ ಸೊಸೈಟಿಯ ಮುಂದೆ ಎಲ್ಲರಿಗೂ ತೆರೆದಿಟ್ಟರು. ಸಿಸ್ಟರ್ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಒತ್ತಾಯಿಸಿದ್ದರಿಂದ ಗೆಲೀನಾ ಹರಳಿನ ಸಾಧನಕ್ಕೆ ಮಾತ್ರ 1904ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಅದರಿಂದಲೂ ಅವರು ಹಣ ಮಾಡಲಿಲ್ಲ. ಇದನ್ನು ಬರೀ ತ್ಯಾಗ ಎಂದು ಹೊಗಳಿ ಬಿಟ್ಟರೆ ಅದರ ಅರ್ಥ ತಪ್ಪಿಹೋಗುತ್ತದೆ. ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆ ಎಂಬುದು ಮುಚ್ಚಿಡುವ ಸಂಗತಿಯಲ್ಲ ಎನ್ನುವುದು ಅವರ ನಂಬಿಕೆ.

ಗುಂಡಿ ಒತ್ತಿ ಕಾರಿನ ಬಾಗಿಲು ತೆಗೆಯುವ ವ್ಯವಸ್ಥೆ ಮಾರುಕಟ್ಟೆಗೆ ಬಂದದ್ದು 1982ರಲ್ಲಿ, ಫ್ರಾನ್ಸಿನ ರೆನೋ ಫ್ಯೂಗೋ ಕಾರಿನಲ್ಲಿ. ಕೋಲ್ಕತ್ತಾಕ್ಕೆ ಅದು ತಲುಪಲು ತಡವಾಯಿತು. ಈ ಊರಿನ ಕಾರು ಎಂದರೆ ಅಂಬಾಸಡರ್. 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಮೋಟರ್ಸ್ 1948ರಲ್ಲಿ ಹೂಗ್ಲಿ ದಂಡೆಯ ಉತ್ತರಪಾಡಾಕ್ಕೆ ಬಂತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯ ಅಂಬಾಸಡರ್ ಅಲ್ಲಿ ಐವತ್ತರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಾಯಿತು. ಅದರ ಕೀ ಬರೀ ಲೋಹದ ತುಂಡು. ಕಳೆದರೆ ರಸ್ತೆಬದಿಯ ಬೀಗ ರಿಪೇರಿಯವನು ಅರದಿಂದ ಉಜ್ಜಿ ಇನ್ನೊಂದು ಮಾಡಿಕೊಡುತ್ತಿದ್ದ. ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ.

ಇವತ್ತಿನ ಕೀ ನಮ್ಮಲ್ಲಿ ಸಾಮಾನ್ಯವಾಗಿ 433.92 ಮೆಗಾಹರ್ಟ್ಜ್‌ನಲ್ಲಿ ಮಾತಾಡುತ್ತದೆ. ಅದರ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಬೋಸರ ಮಿಲಿಮೀಟರ್ ಅಲೆಗಳು ಕಾರಿನಿಂದ ದೂರವೇನೂ ಉಳಿದಿಲ್ಲ. ಮುಂದಿನ ವಾಹನದ ದೂರ ಅಳೆಯುವ ಹೊಸ ಕಾರುಗಳ ರೇಡಾರ್ ಕೆಲಸ ಮಾಡುವುದು 77 ಗಿಗಾಹರ್ಟ್ಜ್‌ನಲ್ಲಿ, ಸುಮಾರು 4 ಮಿಲಿಮೀಟರ್ ಅಲೆಯಲ್ಲಿ. ಕೀ ಪ್ರತಿ ಸಲ ಒತ್ತಿದಾಗಲೂ ಬೇರೆ ಗುಪ್ತಸಂಖ್ಯೆ ಕಳಿಸುತ್ತದೆ. ಒಮ್ಮೆ ಬಳಸಿದ ಸಂಖ್ಯೆಯನ್ನು ಕಾರು ಮತ್ತೆ ಒಪ್ಪುವುದಿಲ್ಲ. ಆದ್ದರಿಂದ ಕಳ್ಳನೊಬ್ಬ ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ಸುಮ್ಮನೆ ಮರುಪ್ರಸಾರ ಮಾಡಿದರೆ ಪ್ರಯೋಜನವಿಲ್ಲ.

ಇನ್ನು ಸೆಲ್ಲಿನ ಕತೆ. ನಮ್ಮೂರುಗಳಲ್ಲಿ ಬ್ಯಾಟರಿ ಎಂದರೆ ಟಾರ್ಚು, ಅದರೊಳಗೆ ಹಾಕುವುದು ಸೆಲ್ಲು. ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಅಪ್ಪ ಹಿಡಿಯುತ್ತಿದ್ದ ಬ್ಯಾಟರಿಯ ಸೆಲ್ಲಿನ ಮೇಲೆ ಒಂಬತ್ತರ ಅಂಕಿಯೊಳಗಿಂದ ನೆಗೆಯುವ ಕಪ್ಪು ಬೆಕ್ಕಿನ ಚಿತ್ರ ಇರುತ್ತಿತ್ತು. ಸೆಲ್ಲು ಸೋತರೆ ಅಂಗಳದ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುತ್ತಿದ್ದರು. ಆ ಎವರೆಡಿ ಕೋಲ್ಕತ್ತಾದ ಕಂಪನಿ ಎಂಬುದು ಇಲ್ಲಿಗೆ ಬರುವ ತನಕ ನನಗೆ ತಿಳಿದಿರಲಿಲ್ಲ. ಆಮದು ಮಾಡಿ ಮಾರುತ್ತಿದ್ದವರು 1939ರಲ್ಲಿ ಇಲ್ಲಿಯೇ ಮೊದಲ ಕಾರ್ಖಾನೆ ಹಾಕಿದರು. ಮುಂದೆ ಅದೇ ಕಂಪನಿಯ ಹೆಸರು ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದಾಯಿತು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿದ್ದು ಇದೇ ಕಂಪನಿಯ ಕೀಟನಾಶಕ ಕಾರ್ಖಾನೆಯಿಂದ. 1994ರಲ್ಲಿ ಅಮೆರಿಕದ ಮೂಲ ಕಂಪನಿ ತನ್ನ ಪಾಲನ್ನು ಕೋಲ್ಕತ್ತಾದ ಚಹಾ ಉದ್ಯಮದವರಿಗೆ ಮಾರಿತು. ಆ ಹಣದಲ್ಲಿ ಭೋಪಾಲದ ಸಂತ್ರಸ್ತರಿಗಾಗಿ ಆಸ್ಪತ್ರೆ ಕಟ್ಟಲಾಯಿತು. ನಮ್ಮ ಹೊಲದ ದಾರಿಗೆ ಬೆಳಕು ಕೊಟ್ಟ ಸೆಲ್ಲಿಗೂ ಆ ರಾತ್ರಿಗೂ ಒಂದೇ ಕಂಪನಿ ಎಂದು ತಿಳಿದ ದಿನ ನನಗೆ ಬಹಳ ಹೊತ್ತು ಬೇರೇನೂ ತೋಚಲಿಲ್ಲ.

ಟಾರ್ಚಿನ ಸೆಲ್ಲಿನ ಮೂಲ ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಮಾಡಿದ ಸೆಲ್. ಒಂದು ಕಡೆ ಸತು, ಇನ್ನೊಂದು ಕಡೆ ಮ್ಯಾಂಗನೀಸ್ ಡೈಆಕ್ಸೈಡ್. ಸಿಗುವುದು ಒಂದೂವರೆ ವೋಲ್ಟ್. ಎಪ್ಪತ್ತರ ದಶಕದಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಸತುವಿನ ಜಾಗದಲ್ಲಿ ಲಿಥಿಯಂ ತಂದು ಮೂರು ವೋಲ್ಟಿನ ಸೆಲ್ ಮಾಡಿತು. ಮ್ಯಾಂಗನೀಸ್ ಮಾತ್ರ ಹಾಗೇ ಉಳಿಯಿತು. ನಮ್ಮ ಸಂಡೂರಿನ ಗುಡ್ಡಗಳಲ್ಲಿ ಅಗೆಯುವ ಅದೇ ಲೋಹ. ಕಾರಿನ ಕೀಯೊಳಗೆ ಹೆಚ್ಚಾಗಿ ಇರುವ ಸಿಆರ್2032 ಈ ಜಾತಿಯದು. ಅದರ ಹೆಸರಿನಲ್ಲೇ ವಿವರವಿದೆ: 'ಸಿ' ಎಂದರೆ ಈ ರಾಸಾಯನಿಕ ಜೋಡಿ, 'ಆರ್' ಎಂದರೆ ದುಂಡಗಿನದು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ.

ಬದಲಿಸುವ ಕ್ರಮ ಸರಳ. ಮೊದಲು ಕೀಯ ಬದಿಯ ಸಣ್ಣ ಗುಂಡಿ ಒತ್ತಿ ಒಳಗೆ ಅಡಗಿರುವ ಲೋಹದ ಕೀ ಎಳೆಯಿರಿ. ಸೆಲ್ ಸತ್ತ ದಿನ ಬಾಗಿಲು ತೆಗೆಯುವುದೂ ಅದರಿಂದಲೇ. ಅಂಚಿನ ಕಚ್ಚಿನಲ್ಲಿ ನಾಣ್ಯ ಅಥವಾ ಬಟ್ಟೆ ಸುತ್ತಿದ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ತಿರುಗಿಸಿದರೆ ಕೀ ಎರಡು ಹೋಳಾಗುತ್ತದೆ. ಹಳೆಯ ಸೆಲ್ಲಿನ ನಂಬರ್ ಮತ್ತು ಪ್ಲಸ್ ಯಾವ ಕಡೆಗಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸದನ್ನು ಅಂಚು ಹಿಡಿದು ಕೂರಿಸಿ. ಬೆವರುಗೈ ಮುಖಕ್ಕೆ ತಾಗದಿರಲಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ, ಸೆಲ್ ಸತ್ತಿದ್ದರೂ ಕೀಯನ್ನು ಕಾರಿನ ಕೈಪಿಡಿ ಹೇಳುವ ಜಾಗಕ್ಕೆ ತಾಗಿಸಿದರೆ ಎಂಜಿನ್ ಓಡುತ್ತದೆ. ಕೀಯೊಳಗಿನ ಇನ್ನೊಂದು ಚಿಪ್ ಆಗ ಕಾರಿನಿಂದಲೇ ಶಕ್ತಿ ಪಡೆಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿದರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ತಾಸಿನಲ್ಲಿ ಒಳಗೆ ಸುಡಬಲ್ಲದು. ಕಾರಿಗೆ ಸಾಲದ ಸೆಲ್ಲಿನಲ್ಲೂ ಅಷ್ಟು ವಿದ್ಯುತ್ತು ಉಳಿದಿರುತ್ತದೆ. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಬೇಕು. ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿ ಕೊಡಿ.

ಆಚಾರ್ಯ ಪ್ರಫುಲ್ಲಚಂದ್ರ ರಸ್ತೆಯಲ್ಲಿ ಬೋಸರ ಮನೆಯೂ, ಅದರ ಪಕ್ಕದಲ್ಲೇ ಅವರು 1917ರ ನವೆಂಬರ್ 30ರಂದು, ತಮ್ಮ ಹುಟ್ಟಿದ ದಿನವೇ ತೆರೆದ ಬಸು ವಿಜ್ಞಾನ ಮಂದಿರವೂ ಇವೆ. ಈಗ ಆ ದಾರಿಯಲ್ಲಿ ಹೋಗುವಾಗ ಸೆಣಬಿನ ನಾರು, ರೈಲ್ವೆ ಪುಸ್ತಕ ನೆನಪಾಗುತ್ತವೆ. ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡುವ ಧೈರ್ಯ ಅವರದು. ನನಗೆ ಒಂದು ಕೀ ಬಿಚ್ಚಲು ಗಡಿಯಾರದವರು ಹೇಳಬೇಕಾಯಿತು. ಮುಂದಿನ ಸಲ ಮಗಳ ಕೈಯಲ್ಲೇ ಬಿಚ್ಚಿಸಬೇಕು ಅಂದುಕೊಂಡಿದ್ದೇನೆ.